ಆಟಕ್ಕುಂಟು, ಲೆಕ್ಕಕ್ಕಿಲ್ಲ: ಬಾಲ್ಯಾಧ್ಯಯನದ ಅಂತರರಾಷ್ಟ್ರೀಯತೆ ಮತ್ತು ಕನ್ನಡ ಜಾನಪದ

ಬಾಲ್ಯವು ನಿಸರ್ಗದತ್ತವಾದ ಒಂದು ವಯೋಮಾನ ಮಾತ್ರವಲ್ಲ, ಆಯಾ ಸಮಾಜ ತನ್ನ ಅಗತ್ಯಕ್ಕೆ ತಕ್ಕಂತೆ ರೂಪಿಸಿಕೊಂಡ ಪರಿಕಲ್ಪನೆ ಎಂಬ ವಿಚಾರ ವಿದ್ವತ್ ವಲಯದಲ್ಲಿ ಚರ್ಚೆಗೆ ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಪ್ರಕಟಿಸಿದ ಗ್ರಂಥ ಈ ಚರ್ಚೆಗೆ ನಾಂದಿ ಹಾಡಿತು. 1990ರಲ್ಲಿ ಆಲಿಸನ್ ಜೇಮ್ಸ್ ಮತ್ತು ಆಲನ್ ಪ್ರೌಟ್ ಸಂಪಾದಿಸಿದ ಕೃತಿಯು ಮಕ್ಕಳನ್ನು ಮುಂದೆ ಮನುಷ್ಯರಾಗಬೇಕಾದವರೆಂದು ಕಾಣದೆ, ಈಗಲೇ ಸಮಾಜದಲ್ಲಿ ಕ್ರಿಯಾಶೀಲರಾಗಿರುವ ಕರ್ತೃಗಳೆಂದು ಕಾಣಬೇಕೆಂದು ವಾದಿಸಿತು. ವಿಶ್ವಸಂಸ್ಥೆಯು 1989ರ ನವೆಂಬರ್ 20ರಂದು ಅಂಗೀಕರಿಸಿ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆ ಈ ವಿಚಾರಕ್ಕೆ ಜಾಗತಿಕ ವ್ಯಾಪ್ತಿಯನ್ನು ಒದಗಿಸಿತು.

ಆದರೆ ಈ ಜ್ಞಾನಶಿಸ್ತಿನ ಕೇಂದ್ರದಲ್ಲಿ ಬಹುಕಾಲ ಇದ್ದದ್ದು ಯೂರೋಪ್ ಮತ್ತು ಉತ್ತರ ಅಮೆರಿಕದ ನಗರಗಳ, ಶಾಲೆಗೆ ಹೋಗುವ, ಪುಟ್ಟ ಕುಟುಂಬದ ಮಗು. ಉಳಿದ ಮಕ್ಕಳು ಈ ಮಾದರಿಗೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ಅಳೆಯುವುದೇ ತೌಲನಿಕ ಅಧ್ಯಯನವೆನಿಸಿತು. ಬಿಯಾಟ್ರಿಸ್ ವೈಟಿಂಗ್ 1963ರಲ್ಲಿ ಸಂಪಾದಿಸಿದ ಆರು ಸಂಸ್ಕೃತಿಗಳ ಪ್ರಸಿದ್ಧ ಅಧ್ಯಯನದಲ್ಲಿ ಇಡೀ ಭಾರತದ ಪರವಾಗಿ ನಿಂತದ್ದು ಉತ್ತರ ಪ್ರದೇಶದ ಖಾಲಾಪುರದ ರಜಪೂತ ಕುಟುಂಬಗಳು. ಮುಂದೆ ಕೇರಳದ ಮಕ್ಕಳ ದುಡಿಮೆಯನ್ನು ಕುರಿತ ಓಲ್ಗಾ ನ್ಯೂವೆನ್‌ಹೌಸ್ ಅವರ 1994ರ ಕೃತಿ, ಕೊಲ್ಕತ್ತದ ದುಡಿಯುವ ಮಕ್ಕಳನ್ನು ಕುರಿತ ಶಾರದಾ ಬಾಲಗೋಪಾಲನ್ ಅವರ 2014ರ ಕೃತಿ ಮೊದಲಾದವು ಈ ಕೊರತೆಯನ್ನು ಒಳಗಿನಿಂದಲೇ ಪ್ರಶ್ನಿಸಿದವು. ಬಾಲ್ಯಾಧ್ಯಯನವು ಹೆಚ್ಚು ಅಂತರರಾಷ್ಟ್ರೀಯವೂ ವೈವಿಧ್ಯಪೂರ್ಣವೂ ಆಗಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ.

ಈ ಮಾತಿನಲ್ಲಿ ಒಂದು ಅಪಾಯವೂ ಅಡಗಿದೆ. ಹೆಚ್ಚು ದೇಶಗಳ ಮಕ್ಕಳನ್ನು ಅಧ್ಯಯನದ ವ್ಯಾಪ್ತಿಗೆ ತರುವುದೇ ವೈವಿಧ್ಯವೆಂದಾದರೆ, ದೇಶಗಳ ಸಂಖ್ಯೆ ಹೆಚ್ಚುತ್ತದೆ. ಪರಿಕಲ್ಪನೆ ಹಾಗೆಯೇ ಉಳಿಯುತ್ತದೆ. ಕನ್ನಡದಂತಹ ಭಾಷೆಗಳು ಆಕರವನ್ನು ಒದಗಿಸುತ್ತವೆ, ಸಿದ್ಧಾಂತ ಬೇರೆಡೆ ರಚನೆಯಾಗುತ್ತದೆ. ಕನ್ನಡದ ಮಕ್ಕಳೇ ತಮ್ಮ ಆಟದಲ್ಲಿ ರೂಪಿಸಿಕೊಂಡ ನುಡಿಗಟ್ಟಿನಲ್ಲಿ ಹೇಳುವುದಾದರೆ ಇದು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಸ್ಥಿತಿ. ಈ ಸ್ಥಿತಿಗೆ ಹೊರಗಿನ ವಿದ್ವತ್ತು ಮಾತ್ರ ಕಾರಣವಲ್ಲ, ಕನ್ನಡ ಜಾನಪದ ಅಧ್ಯಯನವೂ ಮಕ್ಕಳನ್ನು ಹೀಗೆಯೇ ನಡೆಸಿಕೊಂಡಿದೆ ಎಂಬುದು ಪ್ರಸ್ತುತ ಲೇಖನದ ವಾದ.

1. ಪದ ಮತ್ತು ಪರಿಕಲ್ಪನೆ

ಹದಿನೆಂಟು ವರ್ಷ ತುಂಬದ ಪ್ರತಿಯೊಬ್ಬರೂ ಮಗು ಎಂಬುದು ಒಡಂಬಡಿಕೆಯ ಸ್ಥೂಲ ನಿರ್ವಚನ. ಕನ್ನಡದ ಪದಸಂಪತ್ತು ಬಾಲ್ಯವನ್ನು ಹೀಗೆ ವರ್ಷಗಳಿಂದ ಅಳೆಯುವುದಿಲ್ಲ. ಕೂಸು, ಹಸುಳೆ, ಕಂದ, ಮಗು, ಹುಡುಗ, ಹುಡುಗಿ, ಪೋರ ಎಂಬ ಪದಗಳ ನಡುವಣ ಗೆರೆಗಳು ವಯಸ್ಸಿಗಿಂತ ಮಿಗಿಲಾಗಿ ಸಾಮರ್ಥ್ಯ, ಸಲಿಗೆ ಮತ್ತು ಸಂಬಂಧಗಳನ್ನು ಅವಲಂಬಿಸಿವೆ. ‘ಮಗು’ ವ್ಯಾಕರಣದಲ್ಲಿ ನಪುಂಸಕಲಿಂಗ. ಅದು ಅಳುತ್ತದೆ, ನಗುತ್ತದೆ. ಬಹುವಚನದಲ್ಲಿ ‘ಮಕ್ಕಳು ಬಂದವು’ ಎಂಬ ಪ್ರಯೋಗದ ಜೊತೆಗೆ ‘ಮಕ್ಕಳು ಬಂದರು’ ಎಂಬ ಪ್ರಯೋಗವೂ ಸಾಧುವಾಗುತ್ತದೆ. ಒಂಟಿಯಾಗಿ ವಸ್ತುವಿನಂತೆ ಕಾಣುವ ಮಗು ಗುಂಪಿನಲ್ಲಿ ಮನುಷ್ಯವರ್ಗಕ್ಕೆ ಸೇರುವ ಈ ಭಾಷಿಕ ಸಂಗತಿ ಚಿಂತನಾರ್ಹವಾಗಿದೆ.

‘ಮಕ್ಕಳು’ ವಯೋವಾಚಿಯಾಗುವುದಕ್ಕಿಂತ ಮೊದಲು ಸಂಬಂಧವಾಚಿ. ಅರವತ್ತು ದಾಟಿದವರೂ ಹೆತ್ತವಳಿಗೆ ಮಕ್ಕಳೇ. ‘ಹೆಣ್ಣುಮಕ್ಕಳು’ ಎಂಬ ಮಾತು ಎಲ್ಲ ವಯಸ್ಸಿನ ಸ್ತ್ರೀಯರನ್ನೂ ಒಳಗೊಳ್ಳುತ್ತದೆ. ‘ಆಳುಮಕ್ಕಳು’, ‘ಒಕ್ಕಲುಮಕ್ಕಳು’ ಎಂಬ ಸಮಾಸಗಳಲ್ಲಿ ಅದೇ ಪದ ಅಧೀನತೆಯನ್ನು ಸೂಚಿಸುತ್ತದೆ. ಯಾರನ್ನು ಮಕ್ಕಳೆಂದು ಕರೆಯಲಾಗುತ್ತದೆ ಎಂಬುದು ಪೋಷಣೆಯ ಪ್ರಶ್ನೆಯಷ್ಟೇ ಅಲ್ಲ, ಅಧಿಕಾರದ ಪ್ರಶ್ನೆಯೂ ಹೌದೆಂಬುದನ್ನು ಕನ್ನಡ ಭಾಷೆ ತನ್ನೊಳಗೇ ಬಲ್ಲದು. ಹೆಣ್ಣುಮಗುವಿನ ಬಾಲ್ಯ ಮುಗಿಯುವುದು ಅವಳು ‘ದೊಡ್ಡವಳಾದ’ ದಿನ. ಗಂಡುಮಗುವಿಗೆ ದೇಹದ ಮೇಲೆ ಗುರುತಾಗಿ, ಊರಿಗೆಲ್ಲ ತಿಳಿಯುವ ಅಂತಹ ಒಂದು ದಿನವಿಲ್ಲ. ಒಂದೇ ಮನೆಯ ಅಣ್ಣತಂಗಿಯರ ಬಾಲ್ಯದ ಉದ್ದ ಒಂದೇ ಆಗಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಣ್ಣು ದೊಡ್ಡವಳಾಗುವುದನ್ನು ಆರತಿ ಶಾಸ್ತ್ರದಿಂದ ಗುರುತಿಸಿದ ಸಮಾಜವೇ ಅವಳನ್ನು ಎಳವೆಯಲ್ಲಿ ಧಾರೆಯೆರೆದು ಕೊಟ್ಟಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ವಯಸ್ಸಿನ ಗೆರೆ ಅವಳ ರಕ್ಷಣೆಗೆ ಬೇಕಾದ ಗೆರೆ. ಸ್ಥಳೀಯ ಪರಿಕಲ್ಪನೆಯನ್ನು ಅರಿಯುವುದೆಂದರೆ ಅದನ್ನು ಸಮರ್ಥಿಸುವುದೆಂದು ಅರ್ಥವಲ್ಲ. ವೈವಿಧ್ಯವು ವಿನಾಯಿತಿಯಾಗಬಾರದು. ಆದರೆ ಕಾಯ್ದೆಯು ಎದುರಿಸಬೇಕಾದ ಲೋಕದೃಷ್ಟಿ ಯಾವುದೆಂಬುದು ತಿಳಿಯಬೇಕಾದರೆ ಆ ಲೋಕದೃಷ್ಟಿ ಅಡಗಿರುವ ಭಾಷೆಯಲ್ಲಿಯೇ ಅಧ್ಯಯನ ನಡೆಯಬೇಕಾಗುತ್ತದೆ.

2. ಜಾನಪದ ಸಂಗ್ರಹಗಳ ಮೌನ

ಕನ್ನಡದಲ್ಲಿ ಜಾನಪದ ಸಂಗ್ರಹಕ್ಕೆ ದೀರ್ಘ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯವು 1974ರಲ್ಲಿ ಜಾನಪದದ ಸ್ನಾತಕೋತ್ತರ ಅಧ್ಯಯನವನ್ನು ಆರಂಭಿಸಿದ ಮೇಲೆ ಕ್ಷೇತ್ರಕಾರ್ಯಕ್ಕೆ ಶಾಸ್ತ್ರೀಯ ತಳಹದಿಯೂ ದೊರೆಯಿತು. ಜೋಗುಳ, ಶಿಶುಪ್ರಾಸ, ಒಗಟು, ಆಟದ ಹಾಡುಗಳು ಬಹುತೇಕ ಸಂಗ್ರಹಗಳಲ್ಲಿ ಸ್ಥಾನ ಪಡೆದಿವೆ. ಈ ವರ್ಗೀಕರಣವನ್ನು ಮರುಪರಿಶೀಲಿಸಿದಾಗ ಒಂದು ಗೊಂದಲ ಎದ್ದು ಕಾಣುತ್ತದೆ. ಜೋಗುಳವನ್ನು ಮಕ್ಕಳ ಹಾಡು ಎನ್ನಲಾಗುತ್ತದೆ. ಆದರೆ ಹಾಡುವವಳು ತಾಯಿ ಅಥವಾ ಅಜ್ಜಿ. ಅಲ್ಲಿ ವ್ಯಕ್ತವಾಗುವುದು ತವರಿನ ನೆನಪು, ಬಂಜೆತನದ ಭಯ, ಮಗುವಿನ ಮೇಲಿನ ಹಂಬಲ. ಅದು ತಾಯ್ತನದ ದಾಖಲೆ. ಮಕ್ಕಳಿಗಾಗಿ ಹಿರಿಯರು ಹೇಳಿದ್ದು, ಮಕ್ಕಳನ್ನು ಕುರಿತು ಹಿರಿಯರು ಹೇಳಿದ್ದು, ಮಕ್ಕಳು ತಮ್ಮೊಳಗೆ ಹೇಳಿಕೊಂಡದ್ದು ಎಂಬ ಮೂರನ್ನು ಬೇರ್ಪಡಿಸದೆ ‘ಮಕ್ಕಳ ಜಾನಪದ’ ಎಂಬ ಒಂದೇ ಶೀರ್ಷಿಕೆಯಡಿ ಇರಿಸಿರುವುದು ಈ ಕ್ಷೇತ್ರದ ಮೂಲಭೂತ ದೋಷ.

ಎ. ಕೆ. ರಾಮಾನುಜನ್ ಅವರು ಅಡುಗೆಮನೆಯಲ್ಲಿ ಮಕ್ಕಳಿಗೆ ಉಣಿಸುತ್ತ ಹಿರಿಯ ಹೆಂಗಸರು ಹೇಳುವ ಕಥೆಗಳ ಮಹತ್ವವನ್ನು ಲೋಕದ ವಿದ್ವಾಂಸರಿಗೆ ಮನಗಾಣಿಸಿದರು. ಹೆಣ್ಣುಕೇಂದ್ರಿತ ಕಥೆಗಳ ಅಧ್ಯಯನಕ್ಕೆ ಅದರಿಂದ ಹೊಸ ದಾರಿ ತೆರೆಯಿತು. ಆ ಚಿತ್ರದಲ್ಲಿಯೂ ಮಗು ಕೇಳುವ ಕಿವಿಯೇ ಹೊರತು ಹೇಳುವ ಬಾಯಿಯಲ್ಲ. ಅಂಗಳಕ್ಕೆ ಹೋದ ಮೇಲೆ ಆ ಕಥೆಯನ್ನು ಮಗು ತನ್ನ ಗೆಳೆಯರಿಗೆ ಹೇಗೆ ಹೇಳಿತು, ಏನನ್ನು ಬಿಟ್ಟಿತು, ಏನನ್ನು ಸೇರಿಸಿತು ಎಂಬ ಪ್ರಶ್ನೆಯನ್ನು ಬೆನ್ನಟ್ಟಿದ ಸಂಶೋಧನೆ ಕನ್ನಡದಲ್ಲಿ ವಿರಳ.

ಹೋಲಿಕೆಗಾಗಿ ಇಂಗ್ಲೆಂಡಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿಗಳ 1959ರ ಕೃತಿಯನ್ನು ನೋಡಬಹುದು. ಸುಮಾರು 70 ಶಾಲೆಗಳ 5,000 ಮಕ್ಕಳಿಂದ ಅವರು ಸಾಮಗ್ರಿ ಪಡೆದರು. ದೊಡ್ಡವರು ಮಕ್ಕಳಿಗೆ ಕಲಿಸುವ ಪ್ರಾಸಗಳಿಗಿಂತ ಮಕ್ಕಳಿಂದ ಮಕ್ಕಳಿಗೆ ಸಾಗುವ ಜಾನಪದ ಭಿನ್ನವಾದುದೆಂದು ತೋರಿಸಿದರು. ಆಟದ ನಡುವೆ ಬಿಡುವು ಕೇಳುವ ಮಾತುಗಳು ಊರಿಂದೂರಿಗೆ ಹೇಗೆ ಬದಲಾಗುತ್ತವೆಂದು ಗುರುತಿಸಿದರು. ಬೆಂಗಳೂರಿನ ಮಕ್ಕಳು ಅದೇ ಸಂದರ್ಭದಲ್ಲಿ ‘ಟೈಂಪ್ಲೀಸ್’ ಎನ್ನುತ್ತಾರೆ. ಕಣ್ಣಾಮುಚ್ಚಾಲೆ ಅವರ ಬಾಯಲ್ಲಿ ‘ಐಸ್‌ಪೈಸ್’ ಆಗಿದೆ. ಇಂತಹ ಮಾತುಗಳನ್ನು ‘ಕೆಟ್ಟ ಇಂಗ್ಲಿಷ್’ ಎಂದೋ ‘ನಗರದ ಬೆರಕೆ’ ಎಂದೋ ಬದಿಗಿಟ್ಟು, ಅಳಗುಳಿಮನೆ, ಚೌಕಾಬಾರಗಳನ್ನು ಮಾತ್ರ ಅಳಿದುಹೋಗುತ್ತಿರುವ ಆಟಗಳೆಂದು ಹಿರಿಯರ ನೆನಪಿನಿಂದ ದಾಖಲಿಸುವ ಕ್ರಮ ಬೆಳೆದುಬಂದಿದೆ. ಇಂತಹ ದಾಖಲೆಯಿಂದ ದೊರೆಯುವುದು ಹಿರಿಯರ ಹಳಹಳಿಕೆ; ಮಕ್ಕಳ ವರ್ತಮಾನವಲ್ಲ.

3. ದಕ್ಷಿಣ ಬೆಂಗಳೂರಿನ ನಿದರ್ಶನ

ಬಾಲ್ಯದ ಬಹುರೂಪವನ್ನು ಅರಿಯಲು ದೇಶದೇಶಗಳನ್ನು ಸುತ್ತಬೇಕಾಗಿಲ್ಲ. ದಕ್ಷಿಣ ಬೆಂಗಳೂರಿನ ಕೆಲವು ಕಿಲೋಮೀಟರುಗಳ ವ್ಯಾಪ್ತಿಯೇ ಸಾಕು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ ಯೋಜಿತ ಬಡಾವಣೆ. ಆದರೆ ಅದರ ಸುತ್ತಮುತ್ತ ಯಡಿಯೂರು, ಸಿದ್ದಾಪುರ, ಬೈರಸಂದ್ರಗಳಿವೆ, ಜೆ.ಪಿ. ನಗರದ ಮಗ್ಗುಲಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿಗಳಿವೆ. ಬನಶಂಕರಿಗೆ ಹೊಂದಿಕೊಂಡು ಕದಿರೇನಹಳ್ಳಿಯಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ‘ಬಿ.ಟಿ.ಎಂ.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಮರೆಯಾಗಿವೆ. ಬಡಾವಣೆಯ ಮಗುವನ್ನು ಬೆಂಗಳೂರಿನ ಮಗುವೆಂದು ಪರಿಗಣಿಸುವ ಸಂಶೋಧನೆ ಈ ಊರುಗಳ ಮಕ್ಕಳನ್ನು ಅದೇ ರೀತಿ ಮರೆಮಾಡುತ್ತದೆ.

ಸಂಕ್ರಾಂತಿಯ ಸಂಜೆಯನ್ನು ಉದಾಹರಿಸಬಹುದು. ರೇಷ್ಮೆ ಲಂಗ ತೊಟ್ಟ ಹುಡುಗಿ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಸಕ್ಕರೆ ಅಚ್ಚು ಹಿಡಿದು ಮನೆಮನೆಗೆ ಬೀರುತ್ತಾಳೆ. ಎಳೆಯ ಮಕ್ಕಳಿಗೆ ಎಲಚಿಹಣ್ಣು ಎರೆಯಲಾಗುತ್ತದೆ. ಇದು ಜಾನಪದ ಗ್ರಂಥಗಳಲ್ಲಿ ಮಕ್ಕಳ ಆಚರಣೆಯಾಗಿ ದಾಖಲಾಗಿದೆ. ಅಂತಹ ಮನೆಗೇ ಪಾತ್ರೆ ತೊಳೆಯಲು ಬರುವ ತಾಯಿಯ ಜೊತೆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬರುವ ಹುಡುಗಿಯೂ ಉಂಟು. ಅವಳು ತಮ್ಮನನ್ನು ಸುಮ್ಮನಿರಿಸಲು ಕಟ್ಟುವ ಮಾತು, ಕಲ್ಲಾಟ, ಗುಮ್ಮನ ಕಥೆ ಯಾವ ಸಂಗ್ರಹಕ್ಕೆ ಸೇರಬೇಕು? ಹಿರಿಯ ಮಕ್ಕಳು ಕಿರಿಯರನ್ನು ಸಾಕುವ ಪದ್ಧತಿ ಲೋಕದ ಅನೇಕ ಸಮಾಜಗಳಲ್ಲಿ ವ್ಯಾಪಕವೆಂದು ವೈಸ್ನರ್ ಮತ್ತು ಗ್ಯಾಲಿಮೋರ್ 1977ರಲ್ಲೇ ತೋರಿಸಿದರು. ಅವಳು ಏಕಕಾಲಕ್ಕೆ ಮಗುವೂ ಹೌದು, ಸಾಕುವವಳೂ ಹೌದು. ಅವಳಿಗೆ ಸಲ್ಲಬೇಕಾದ ಶಾಲೆಯ ಹಕ್ಕನ್ನು ಈ ಸಂಗತಿ ಕಡಿಮೆ ಮಾಡುವುದಿಲ್ಲ. ಅವಳ ಜ್ಞಾನವನ್ನು ಶೂನ್ಯವೆಂದು ಎಣಿಸುವುದು ತಪ್ಪೆಂಬುದನ್ನು ಸ್ಪಷ್ಟಪಡಿಸುತ್ತದೆ.

ಭಾಷೆಯ ಸ್ಥಿತಿ ಇನ್ನೂ ಜಟಿಲ. ಗುರಪ್ಪನಪಾಳ್ಯ, ತಿಲಕನಗರಗಳಲ್ಲಿ ದಖನಿ ಉರ್ದು, ಹತ್ತಿರದ ಬೀದಿಗಳಲ್ಲಿ ತಮಿಳು, ತೆಲುಗು; ಕಟ್ಟಡ ಕಾಮಗಾರಿಯ ತಗಡಿನ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕನ್ನಡ. ಶಾಲೆಯಲ್ಲಿ ಈ ಕೊನೆಯ ಮಗುವಿನ ಕನ್ನಡವೇ ತಪ್ಪು ಕನ್ನಡವೆನಿಸುವ ಸಂದರ್ಭಗಳುಂಟು. ಹಾಗಾಗಿ ಇಂಗ್ಲಿಷಿನ ಬದಲು ಕನ್ನಡದಲ್ಲಿ ಸಂಶೋಧನೆ ನಡೆದ ಮಾತ್ರಕ್ಕೆ ವೈವಿಧ್ಯ ಸಿದ್ಧಿಸುವುದಿಲ್ಲ. ಶಿಷ್ಟ ಕನ್ನಡವೂ ಇಲ್ಲಿ ಯಜಮಾನ ಭಾಷೆಯಾಗಬಲ್ಲದು.

ಶಿಕ್ಷಣ ಮಾಧ್ಯಮದ ವಿವಾದವು ಇದೇ ಪ್ರಶ್ನೆಯ ಸಾರ್ವಜನಿಕ ರೂಪ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವನ್ನು ಮಾಧ್ಯಮವಾಗಿಸಿದ ಸರ್ಕಾರದ 1994ರ ಭಾಷಾನೀತಿ ಸುಪ್ರೀಂ ಕೋರ್ಟಿನ 2014ರ ತೀರ್ಪಿನಲ್ಲಿ ನಿಲ್ಲಲಿಲ್ಲ. ಮಗುವಿನ ಮಾತೃಭಾಷೆ ಯಾವುದೆಂಬುದನ್ನು ಹೆತ್ತವರು ಅಥವಾ ಪೋಷಕರು ತೀರ್ಮಾನಿಸಬೇಕೆಂದು ನ್ಯಾಯಾಲಯ ಹೇಳಿತು. ಎರಡು ದಶಕಗಳ ಈ ಹೋರಾಟದಲ್ಲಿ ಸರ್ಕಾರ, ಸಾಹಿತಿಗಳು, ಆಡಳಿತ ಮಂಡಳಿಗಳು, ಹೆತ್ತವರು ಎಲ್ಲರೂ ಮಾತನಾಡಿದರು. ಮನೆಯಲ್ಲಿ ಒಂದು, ಬೀದಿಯಲ್ಲಿ ಎರಡು, ಶಾಲೆಯಲ್ಲಿ ಮತ್ತೊಂದು ಭಾಷೆಯನ್ನು ಬಳಸುವ ಮಗು ಆ ಭಾಷೆಗಳನ್ನು ಹೇಗೆ ಅನುಭವಿಸುತ್ತದೆ ಎಂಬುದು ಯಾವ ಪಕ್ಷಕ್ಕೂ ಪ್ರಮುಖ ಸಾಕ್ಷ್ಯವಾಗಲಿಲ್ಲ.

4. ಕುಂದಾಪುರ 1996

ಇದಕ್ಕೆ ಭಿನ್ನವಾದ ಮಾದರಿಯೂ ಕರ್ನಾಟಕದಲ್ಲಿಯೇ ಇದೆ. ದುಡಿಯುವ ಮಕ್ಕಳ ಸಂಘಟನೆಯಾದ ಭೀಮಸಂಘ 1990ರಲ್ಲಿ ರೂಪುಗೊಂಡಿತು. 1996ರಲ್ಲಿ ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸಭೆ ಸೇರಿ ಹತ್ತು ಅಂಶಗಳ ಘೋಷಣೆಯನ್ನು ಹೊರಡಿಸಿದರು. ಮಕ್ಕಳು ತಯಾರಿಸಿದ ವಸ್ತುಗಳ ಬಹಿಷ್ಕಾರ ತಮಗೆ ಒಪ್ಪಿಗೆಯಿಲ್ಲ, ತಮ್ಮನ್ನು ಕುರಿತ ತೀರ್ಮಾನಗಳಲ್ಲಿ ತಮ್ಮ ಮಾತು ಕೇಳಬೇಕು, ಓದಿಗೂ ಬಿಡುವಿಗೂ ಅವಕಾಶವಿರಬೇಕು ಎಂಬುದು ಅದರ ಆಶಯಗಳಲ್ಲಿ ಮುಖ್ಯವಾದದ್ದು. ಈ ನಿಲುವನ್ನು ಪೂರ್ತಿಯಾಗಿ ಒಪ್ಪಬೇಕೆಂದಿಲ್ಲ. ಬಾಲಕಾರ್ಮಿಕ ಪದ್ಧತಿಯ ಪೂರ್ಣ ನಿರ್ಮೂಲನೆಯನ್ನು ಬಯಸುವವರಿಗೆ ಗಟ್ಟಿಯಾದ ಕಾರಣಗಳಿವೆ. ಭಾರತವು 2017ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 138 ಮತ್ತು 182ನೆಯ ಒಡಂಬಡಿಕೆಗಳನ್ನು ಅನುಮೋದಿಸಿದೆ. ಇಲ್ಲಿ ಮುಖ್ಯವಾದುದು ಬೇರೆ. ಕರಾವಳಿಯ ಒಂದು ಸಣ್ಣ ಪಟ್ಟಣದಲ್ಲಿ ಮಕ್ಕಳೇ ಒಂದು ಅಂತರರಾಷ್ಟ್ರೀಯತೆಯನ್ನು ಕಟ್ಟಿದರು. ಬಾಲ್ಯಾಧ್ಯಯನದ ವಿದ್ವಾಂಸರು ಆ ಘೋಷಣೆಯನ್ನು ಚರ್ಚಿಸಿದ್ದಾರೆ. ಕನ್ನಡ ಜಾನಪದ ಸಂಶೋಧನೆಗೆ ಮಾತ್ರ ಅದು ಸಮಾಜಸೇವೆಯ ವಿಷಯವಾಗಿಯೇ ಉಳಿಯಿತು, ಮಕ್ಕಳ ವಾಗ್ಮಿತೆಯ ಆಕರವಾಗಲಿಲ್ಲ.

5. ಉಪಸಂಹಾರ

ಬಾಲ್ಯಾಧ್ಯಯನದ ಅಂತರರಾಷ್ಟ್ರೀಯತೆಗೆ ಕನ್ನಡ ಜಾನಪದ ನೀಡಬಹುದಾದ ಕೊಡುಗೆ ಮತ್ತಷ್ಟು ಮಾದರಿಗಳ ರವಾನೆಯಲ್ಲ. ಮೊದಲಿಗೆ, ಸಂಗ್ರಹಗಳಲ್ಲಿ ಮಕ್ಕಳ ಮಾತನ್ನು ಮಕ್ಕಳಿಂದಲೇ ಪಡೆದು, ವಯಸ್ಸು, ಮನೆಮಾತು, ಯಾರಿಂದ ಕಲಿತದ್ದು, ಎಲ್ಲಿ ಆಡಿದ್ದು ಎಂಬ ವಿವರಗಳನ್ನು ಅವರ ಸಮ್ಮತಿಯೊಂದಿಗೆ ದಾಖಲಿಸಬೇಕು. ಹೆತ್ತವರ ಸಹಿಯೇ ಮಗುವಿನ ಸಮ್ಮತಿಯಾಗದು. ಎರಡನೆಯದಾಗಿ, ಈಗಾಗಲೇ ಇರುವ ಸಂಗ್ರಹಗಳನ್ನು ಮಕ್ಕಳಿಗಾಗಿ, ಮಕ್ಕಳನ್ನು ಕುರಿತು, ಮಕ್ಕಳಿಂದ ಎಂದು ಮರುವರ್ಗೀಕರಿಸಬೇಕು. ಮೂರನೆಯದಾಗಿ, ‘ಮಕ್ಕಳು’, ‘ದೊಡ್ಡವಳಾಗು’, ‘ಹುಡುಗಾಟ’ದಂತಹ ಪದಗಳನ್ನು ಅನುವಾದದಲ್ಲಿ ಕರಗಿಸದೆ ಪರಿಭಾಷೆಯಾಗಿ ಬೆಳೆಸಬೇಕು. ಇಂಗ್ಲಿಷಿನ ಪರಿಕಲ್ಪನೆಗೆ ಕನ್ನಡದ ಉದಾಹರಣೆ ಹುಡುಕುವ ಕೆಲಸ ಸಾಕಷ್ಟು ನಡೆದಿದೆ. ಕನ್ನಡದ ಪರಿಕಲ್ಪನೆಯಿಂದ ಬೇರೆಡೆಯ ಬಾಲ್ಯಗಳನ್ನು ನೋಡುವ ಕೆಲಸ ಆಗಬೇಕಾಗಿದೆ.

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ನಿಯಮವೇ ಅಂತಹ ಒಂದು ಪರಿಕಲ್ಪನೆ. ಅದರಲ್ಲಿ ಅವಹೇಳನ ಮಾತ್ರವಿಲ್ಲ. ಓಡಲಾರದ ಎಳೆಯ ಮಗುವನ್ನು ಆಟದಿಂದ ಹೊರಗಟ್ಟದೆ, ಸೋಲಿನ ಭಾರವನ್ನೂ ಹೊರಿಸದೆ ಜೊತೆಗಿರಿಸಿಕೊಳ್ಳುವ ಕರುಣೆ ಅದರಲ್ಲಿದೆ. ರಕ್ಷಣೆ ಮತ್ತು ಪಾಲ್ಗೊಳ್ಳುವಿಕೆಗಳ ನಡುವಣ ಬಿಕ್ಕಟ್ಟನ್ನು ಜಗತ್ತಿನ ಮಕ್ಕಳ ಹಕ್ಕುಗಳ ಚರ್ಚೆ ಇನ್ನೂ ಬಿಡಿಸಿಕೊಳ್ಳುತ್ತಿರುವಾಗ, ಬೀದಿಯ ಮಕ್ಕಳು ಅದನ್ನು ಮೂರು ಮಾತಿನೊಳಗೆ ಗ್ರಹಿಸಿದ್ದಾರೆ. ಆದರೆ ಆ ನಿಯಮ ತಾತ್ಕಾಲಿಕ. ಮಗು ಬೆಳೆದಂತೆ ಅದನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಹಾಗೆ ಹಿಡಿಯುವವರೂ ಆಡುತ್ತಿರುವ ಮಕ್ಕಳೇ. ವಿದ್ವತ್ತು ಮಕ್ಕಳನ್ನು ಆಟಕ್ಕೆ ಸೇರಿಸಿಕೊಂಡು ದಶಕಗಳು ಕಳೆದಿವೆ. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಣೆ ಇನ್ನೂ ಬಾಕಿಯಿದೆ.