ಡೀಸೆಲ್ ಚೀಟಿಯ ಸಾಲುಸಾಲು ಅರ್ಥ

ದೆಹಲಿ, ಗುರುಗ್ರಾಮ, ನೊಯ್ಡಾಗಳ ಎತ್ತರದ ಕಟ್ಟಡಗಳಲ್ಲಿ ಕರೆಂಟು ಹೋದಾಗ ಲಿಫ್ಟು, ನೀರಿನ ಪಂಪುಗಳನ್ನು ಓಡಿಸುವುದು ಬಹುಮಟ್ಟಿಗೆ ಡೀಸೆಲ್ ಜನರೇಟರು. ಅದಕ್ಕೆ ಇಂಧನ ತುಂಬುವ ಬೌಸರ್ ಲಾರಿ ಹೊರಡುವ ಮುನ್ನ ಒಂದು ಚೀಟಿ ಮುದ್ರಿಸಿ ಕೊಡುತ್ತದೆ. ಡ್ರಮ್ಮು, ಡಿಪ್ ಕೋಲು, ಕೈಬರಹದ ಚಲನ್‌ಗಳ ಜಾಗಕ್ಕೆ ಬಂದದ್ದು ಇದು. ಕೆಳಗಿನದು ವಿವರಣೆಗಾಗಿ ಹೆಣೆದ ಮಾದರಿ; ಅದರ ಅಂಕಿಗಳು ಕಲ್ಪಿತ.

«ಮಾರಾಟ ಸಂಖ್ಯೆ 004518 – ಮೂಲ ಪ್ರತಿ»
ಈ ಸಂಖ್ಯೆಯನ್ನು ಕೊಡುವುದು ಲಾರಿಯಲ್ಲಿ ಡೀಸೆಲ್ ಅಳೆಯುವ ಮೀಟರಿನ ಎಲೆಕ್ಟ್ರಾನಿಕ್ ರಿಜಿಸ್ಟರ್, ಚಾಲಕನಲ್ಲ. 004517 ಮತ್ತು 004519 ಸಿಕ್ಕು ನಡುವಿನದು ಕಾಣದಿದ್ದರೆ ಕೇಳಲೇಬೇಕು. ಮರುಮುದ್ರಣವಾದರೆ ‘ನಕಲು’ ಎಂದು ಬರಬೇಕು. ಇಲ್ಲವಾದರೆ ಒಂದೇ ಸರಬರಾಜಿಗೆ ಎರಡು ಬಿಲ್ ಆಗಬಹುದು.

«ಆರಂಭ 14:06 – ಮುಕ್ತಾಯ 14:21»
ಜನರೇಟರುಗಳಿರುವುದು ಹೆಚ್ಚಾಗಿ ಬೇಸ್‌ಮೆಂಟಿನಲ್ಲಿ ಅಥವಾ ಹಿತ್ತಲಿನ ಮೂಲೆಯಲ್ಲಿ. ಅಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಆಗ ರಿಜಿಸ್ಟರ್ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಸರ್ವರಿಗೆ ಕಳಿಸುತ್ತದೆ. ಇನ್‌ವಾಯ್ಸ್ ತಡವಾಗಿ ಬಂದರೂ ಮೀಟರ್ ಓಡಿದ ಹೊತ್ತು ಬದಲಾಗುವಂತಿಲ್ಲ. 2017ರ ಜೂನ್ 16ರಿಂದ ಬಂಕ್ ದರ ದಿನದಿನವೂ ಪರಿಷ್ಕರಣೆಗೆ ಒಳಪಟ್ಟಿರುವುದರಿಂದ ದಿನಾಂಕ, ಸಮಯಗಳಿಗೆ ಹಣದ ಬೆಲೆಯೂ ಇದೆ.

«ಹೈಸ್ಪೀಡ್ ಡೀಸೆಲ್, ಬಿಎಸ್–6, 15 ಡಿಗ್ರಿಯಲ್ಲಿ ಸಾಂದ್ರತೆ 828.4»
ಬಿಎಸ್–6 ಇಂಧನ ದೆಹಲಿಗೆ ಬಂದದ್ದು 2018ರ ಏಪ್ರಿಲ್ 1ರಂದು, ದೇಶಕ್ಕೆಲ್ಲ ಬರುವ ಎರಡು ವರ್ಷ ಮೊದಲು. ಇದರಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಸೀಮೆಎಣ್ಣೆ ಬೆರೆತರೆ ಸಾಂದ್ರತೆ ಇಳಿಯುತ್ತದೆ. ಬಂಕುಗಳಲ್ಲಿ ಚಲನ್‌ನ ಸಾಂದ್ರತೆಗೂ ಅಳೆದದ್ದಕ್ಕೂ ಘನ ಮೀಟರಿಗೆ 3 ಕಿಲೋ ಮೀರಿದ ಅಂತರವಿದ್ದರೆ ಅದು ಶಂಕಾಸ್ಪದ. ಮನೆಬಾಗಿಲಲ್ಲಿ ಕೊಳ್ಳುವವರಿಗೂ ಅದೇ ಗೆರೆ ಒಳ್ಳೆಯ ಅಳತೆಗೋಲು.

«ಟೋಟಲೈಸರ್: ಆರಂಭ 2,86,410.0 – ಅಂತ್ಯ 2,87,010.0»
ಚೀಟಿಯ ಜೀವ ಇರುವುದು ಇಲ್ಲಿ. ಡೀಸೆಲ್ ಹರಿದಂತೆ ಮೀಟರಿನೊಳಗಿನ ರೋಟರ್ ಸುತ್ತುತ್ತದೆ. ಪ್ರತಿ ಸುತ್ತೂ ವಿದ್ಯುತ್ ಸ್ಪಂದನಗಳಾಗಿ ರಿಜಿಸ್ಟರಿಗೆ ಹೋಗಿ ಲೀಟರ್ ಆಗುತ್ತದೆ. ಮಾರಾಟದ ಅಂಕಿ ಪ್ರತಿ ಸಲ ಸೊನ್ನೆಯಿಂದ ಶುರುವಾದರೆ, ಎಲ್ಲ ಮಾರಾಟಗಳ ಲೀಟರುಗಳನ್ನು ಕೂಡಿಸುತ್ತ ಹೋಗುವ ಟೋಟಲೈಸರ್ ಹಿಂದಕ್ಕೆ ಬರುವುದೇ ಇಲ್ಲ. ಇಂದಿನ ಆರಂಭದ ಅಂಕಿ ಹಿಂದಿನ ಗ್ರಾಹಕನ ಅಂತ್ಯದ ಅಂಕಿಯೇ ಆಗಿರಬೇಕು. ಆದರೆ ರೋಟರಿಗೆ ಡೀಸೆಲ್ ಯಾವುದು, ಗಾಳಿ ಯಾವುದು ಎಂಬ ಭೇದವಿಲ್ಲ. ಲಾರಿಯ ಟ್ಯಾಂಕ್ ಬರಿದಾಗುತ್ತ ಬಂದಾಗ ಪಂಪು ಗಾಳಿ ಎಳೆದರೆ ಅದೂ ಲೀಟರಾಗಿ ಅಚ್ಚಾಗುತ್ತದೆ. ಮೀಟರಿನ ಮುಂದೆ ಗಾಳಿ ಬೇರ್ಪಡಿಸುವ ಸಾಧನ ಇರುವುದು ಇದಕ್ಕೇ.

«ಪ್ರಮಾಣ 600.0 ಲೀಟರ್, ತಾಪ 38 ಡಿಗ್ರಿ»
ಮೇಲಿನ ಎರಡು ಅಂಕಿಗಳ ವ್ಯತ್ಯಾಸ ಇದಕ್ಕೆ ಸರಿಹೊಂದಬೇಕು. ಬಿಸಿಗೆ ಡೀಸೆಲ್ ಹಿಗ್ಗುತ್ತದೆ: 15 ಡಿಗ್ರಿಗೆ ಇಳಿಸಿದರೆ ಈ 600 ಲೀಟರ್ ಸುಮಾರು 588 ಆದೀತು. ಚಿಲ್ಲರೆ ಮಾರಾಟದಲ್ಲಿ ಆ ಹೊತ್ತಿನ ತಾಪದ ಲೀಟರೇ ಲೆಕ್ಕವಾದ್ದರಿಂದ ಇದು ಮೋಸವಲ್ಲ. ದೆಹಲಿಯ ಮೇ ತಿಂಗಳಲ್ಲಿ ಬೆಳಗಿನ ತಂಪಿನಲ್ಲಿ ತುಂಬಿಸಿಕೊಳ್ಳುವುದು ಮಾತ್ರ ಜಾಣತನ.

«ದರ, ವ್ಯಾಟ್, ಒಟ್ಟು ಮೊತ್ತ»
ಎಲ್ಲರ ಕಣ್ಣು ಬೀಳುವ ಸಾಲು. ಡೀಸೆಲ್ ಜಿಎಸ್‌ಟಿಯೊಳಗೆ ಬಂದಿಲ್ಲ; ದೆಹಲಿ, ಹರಿಯಾಣ, ಉತ್ತರ ಪ್ರದೇಶಗಳು ತಮ್ಮ ತಮ್ಮ ವ್ಯಾಟ್ ಹಾಕುತ್ತವೆ. ಹಾಗಾಗಿ ಒಂದೇ ಮಹಾನಗರದಂತೆ ಕಾಣುವಲ್ಲಿ ರಾಜ್ಯದ ಗಡಿ ದಾಟಿದೊಡನೆ ದರ ಬೇರೆ.

«ಕೊನೆಯ ಪರಿಶೀಲನೆ, ಮುದ್ರೆ»
2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯಡಿ ಮೀಟರಿನ ಮಾದರಿಗೆ ಅನುಮೋದನೆ ಬೇಕು, ಪ್ರತಿ ಮೀಟರಿಗೂ ಪರಿಶೀಲನೆಯ ಮುದ್ರೆ ಬೇಕು. ಸೀಸದ ಮುದ್ರೆ ಹರಿದಿದ್ದರೆ ಮೇಲಿನ ಸಾಲುಗಳು ಎಷ್ಟೇ ಚೊಕ್ಕವಾಗಿ ಅಚ್ಚಾಗಿದ್ದರೂ ಪ್ರಯೋಜನವಿಲ್ಲ.

ಸಹಿ ಹಾಕುವ ಮೇಲ್ವಿಚಾರಕರು ಮೊದಲು ಮುದ್ರೆ, ಆಮೇಲೆ ಟೋಟಲೈಸರ್, ಕೊನೆಗೆ ಮೊತ್ತ ನೋಡಲಿ. ಮೊತ್ತದ ತಪ್ಪನ್ನು ನಾಳೆಯೂ ತಿದ್ದಬಹುದು. ಜನರೇಟರ್ ಸುಟ್ಟು ಮುಗಿಸಿದ ಡೀಸೆಲ್ಲನ್ನು ಮತ್ತೆ ಅಳೆಯಲಾಗದು.