ಡಬ್ಬಿಯ ಮೇಲಿನ ಚೀಟಿ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದೇ ಅಳತೆಯ ಹನ್ನೆರಡು ಸ್ಟೀಲ್ ಡಬ್ಬಿಗಳಿವೆ. ಯಾವುದರಲ್ಲಿ ಏನಿದೆ ಎಂಬುದು ನನ್ನ ಕೈಗೆ ಗೊತ್ತು. ನಾನು ಊರಲ್ಲಿಲ್ಲದ ಒಂದು ದಿನ ನಮ್ಮ ಮನೆಯವರು ಸಕ್ಕರೆಯೆಂದು ಉಪ್ಪು ಹಾಕಿ ಚಹಾ ಕಾಸಿದ್ದರು. ಆಗ ಅವರನ್ನು ನೋಡಿ ನಕ್ಕಿದ್ದೆ. ಚೀಟಿ ಅಂಟಿಸದ ತಪ್ಪು ನನ್ನದು ಎಂದು ಹೊಳೆದದ್ದು ಈಚೆಗೆ.

ದೀಪಾವಳಿಗೆ ತಂಗಿಯ ಮಗಳು ಬೆಂಗಳೂರಿನಿಂದ ಭಾನುವಳ್ಳಿಗೆ ಬಂದಿದ್ದಳು. ಎಐ ಏಜೆಂಟ್‌ಗಳಿಗೆ ಟೂಲ್ ಮಾಡಿಕೊಡುವುದು ಅವಳ ಕೆಲಸ. ಏಜೆಂಟ್ ಎಂದರೆ ನಾವು ಹೇಳಿದ್ದನ್ನು ಕೇಳಿಸಿಕೊಂಡು, ಅದಕ್ಕೆ ಯಾವ ಟೂಲ್ ಬೇಕೆಂದು ತಾನೇ ಆರಿಸಿ ಕೆಲಸ ಮಾಡುವ ತಂತ್ರಾಂಶ.

"ದೊಡ್ಡವ್ವ, ಅದಕ್ಕೆ ಟೂಲಿನ ಒಳಗಿನ ಪ್ರೋಗ್ರಾಮ್ ಸಾಮಾನ್ಯವಾಗಿ ಕಾಣ್ಸಲ್ಲ. ಹೆಸರು, ನಾಲ್ಕು ಸಾಲಿನ ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನೋ ಪಟ್ಟಿ, ಇಷ್ಟು ಓದಿ ಆರಿಸ್ಕೊಳ್ಳುತ್ತೆ" ಎಂದಳು.

2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಏರ್ಪಾಡನ್ನು ಹೊರತಂದ ಮೇಲೆ, ಒಬ್ಬರು ಮಾಡಿದ ಟೂಲನ್ನು ಇನ್ನೊಬ್ಬರ ಏಜೆಂಟ್ ಬಳಸುವುದು ಸುಲಭವಾಗಿದೆ. ಅಂದರೆ ಚೀಟಿ ಬರೆದವರು ಯಾರೋ, ಓದುವವರು ಇನ್ನಾರೋ.

ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿದ್ದೀತೇ? ಅವಳು ಬರೆದ ವಿವರಣೆಗಳನ್ನು ಓದಿಸಿಕೊಂಡೆ.

ಮೊದಲನೆಯದು: "ಪಿಂಚಣಿ ಮಾಹಿತಿ ಕೊಡುತ್ತದೆ." ಯಾವ ಪಿಂಚಣಿ? ಸಂಧ್ಯಾ ಸುರಕ್ಷಾ 65 ದಾಟಿದವರಿಗೆ, ಇಂದಿರಾಗಾಂಧಿ ವೃದ್ಧಾಪ್ಯ ವೇತನ 60ರಿಂದಲೇ ಶುರು, ವಿಧವಾ ವೇತನ ಬೇರೆ. ಮಾಹಿತಿ ಎಂದರೆ ಯಾರಿಗೆ ಸಿಗುತ್ತದೆಂಬ ನಿಯಮವೋ, ಈ ತಿಂಗಳ ಹಣ ಬಂತೇ ಎಂಬ ಲೆಕ್ಕವೋ? ಅದರ ಪಕ್ಕದಲ್ಲೇ ಇನ್ನೊಂದು: "ಫಲಾನುಭವಿಯ ವಿವರ ತರುತ್ತದೆ." ಎರಡೂ ನನ್ನ ಸ್ಟೀಲ್ ಡಬ್ಬಿಗಳೇ.

ಇನ್ನೊಂದರಲ್ಲಿ "ದಿನಾಂಕ" ಎಂದಷ್ಟೇ ಇತ್ತು. ಹುಟ್ಟಿದ ದಿನವೋ, ಅರ್ಜಿ ಕೊಟ್ಟ ದಿನವೋ? 5-6 ಎಂದರೆ ಜೂನ್ ಐದೋ, ಮೇ ಆರೋ? ಮಗದೊಂದು ಒಂದು ಪುಟ ಉದ್ದವಿತ್ತು. ಟೂಲು ಎಷ್ಟು ಸಮರ್ಥ, ಎಷ್ಟು ಸುಂದರ ಎಂಬ ಹೊಗಳಿಕೆಯೇ ಎಲ್ಲ. ಬಂಧುಗಳ ಹೆಸರು ತುಂಬಿ ಮುಹೂರ್ತವೇ ಕಾಣದ ಮದುವೆ ಕಾರ್ಡಿನ ಹಾಗೆ. ಏಜೆಂಟು ಇವೆಲ್ಲವನ್ನೂ ಹೊತ್ತುಕೊಂಡೇ ಯೋಚಿಸಬೇಕಂತೆ. ಕಸ ಹೆಚ್ಚಿದಷ್ಟೂ ಕಾಳು ಹುಡುಕುವುದು ಕಷ್ಟ.

"ಈಗಿನ ಎಐ ಬಹಳ ಚುರುಕು ದೊಡ್ಡವ್ವ, ಊಹೆ ಮಾಡ್ಕೊಳ್ಳುತ್ತೆ" ಎಂದಳು. ನನ್ನ ತಕರಾರೇ ಅದು. ತರಗತಿಯಲ್ಲಿ ಮಂಕು ಹುಡುಗ ಗೊತ್ತಿಲ್ಲದಿದ್ದರೆ ಹಾಳೆ ಖಾಲಿ ಬಿಡುತ್ತಾನೆ. ಚುರುಕು ಹುಡುಗ ಊಹಿಸಿ, ದುಂಡಗಿನ ಅಕ್ಷರದಲ್ಲಿ ತಪ್ಪು ಬರೆಯುತ್ತಾನೆ. ಆ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಕೊನೆಗೆ ಇಬ್ಬರೂ ಕೂತು ಹೀಗೆ ತಿದ್ದಿದೆವು: "ಒಬ್ಬ ಫಲಾನುಭವಿಗೆ ಒಂದು ತಿಂಗಳ ಪಿಂಚಣಿ ಜಮೆಯಾಗಿದೆಯೇ ಎಂದು ತಿಳಿಸುತ್ತದೆ. ಅರ್ಹತೆಯ ನಿಯಮ ಕೇಳಿದರೆ ಇದನ್ನು ಬಳಸಬೇಡ; ನಿಯಮಗಳ ಟೂಲ್ ಬಳಸು. ಮಂಜೂರಾತಿ ಸಂಖ್ಯೆ ಬೇಕು, ಹೆಸರು ಸಾಲದು. ತಿಂಗಳನ್ನು 2025-06 ಎಂಬಂತೆ ಬರೆ. ದಾಖಲೆ ಸಿಗದಿದ್ದರೆ 'ಸಿಗಲಿಲ್ಲ' ಎನ್ನುತ್ತದೆ. ಹಣ ಬಂದಿಲ್ಲವೆಂದು ಅದರ ಅರ್ಥವಲ್ಲ."

ಕೊನೆಯ ಸಾಲಿಗೆ ನಾನು ಹಟ ಹಿಡಿದೆ. ಅದಿಲ್ಲದಿದ್ದರೆ ಯಾವುದೋ ಊರಿನ ಅಜ್ಜಿಗೆ "ನಿಮ್ಮ ಹಣ ಬಂದಿಲ್ಲ" ಎಂಬ ಸುಳ್ಳು ಉತ್ತರ ಹೋದೀತು.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಆ ಕಾಲದ ದಾನಶಾಸನಗಳಲ್ಲಿ ಭೂಮಿ ಕೊಟ್ಟೆವು ಎಂದು ಬರೆದು ಸುಮ್ಮನಾಗುತ್ತಿರಲಿಲ್ಲ. ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಹಳ್ಳ ಎಂದು ಎಲ್ಲೆ ಹೇಳುತ್ತಿದ್ದರು. ಓದುವವನು ತಮ್ಮನ್ನು ಕೇಳಲು ಬರಲಾರ ಎಂಬುದು ಬರೆಸಿದವರಿಗೆ ಗೊತ್ತಿತ್ತು.

ಒಳ್ಳೆಯ ಚೀಟಿಯಿಂದ ಉಪ್ಪು ಸಕ್ಕರೆಯಾಗದು. ದಾಖಲೆಯೇ ತಪ್ಪಿದ್ದರೆ ವಿವರಣೆ ಏನು ಮಾಡೀತು? ಚೀಟಿ ಸರಿಯಿದೆಯೇ ಎಂದು ನೋಡಲು ಜನ ಕೇಳುವಂಥ ಪ್ರಶ್ನೆಗಳನ್ನೇ ಏಜೆಂಟಿಗೆ ಹಾಕಿ, ಎಡವಿದಲ್ಲಿ ವಿವರಣೆಯನ್ನು ತಿದ್ದಬೇಕು. ಅರ್ಧ ತರಗತಿ ತಪ್ಪು ತಿಳಿದರೆ ದೋಷ ಪ್ರಶ್ನೆಯಲ್ಲಿದೆ ಎಂದು ನಾವು ಮೇಡಂಗಳು ಒಪ್ಪಿಕೊಳ್ಳುವುದಿಲ್ಲವೇ?

ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಕೆಲವು ವರ್ಷಗಳ ಹಿಂದೆ ಪಕ್ಕದ ಮನೆಯ ಅಜ್ಜಿಯ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಎರಡು ಕಿಟಕಿಗಳ ಮೇಲೂ "ವಿಚಾರಣೆ" ಎಂಬ ಒಂದೇ ಬೋರ್ಡು. ತಪ್ಪು ಸಾಲಿನಲ್ಲಿ ನಿಂತು ಮೂರು ಸಲ ತಿರುಗಿದೆವು. "ಬೋರ್ಡ್ ಓದೋಕೆ ಬರಲ್ವಾ?" ಎಂದು ಅಜ್ಜಿಯೇ ಬೈಸಿಕೊಂಡಳು. ಯಂತ್ರ ಎಡವಿದರೆ ಬರೆದವರು ತಿದ್ದುತ್ತಾರೆ. ಅಜ್ಜಿ ಎಡವಿದರೆ ಅಜ್ಜಿಯನ್ನೇ ತಿದ್ದಲು ಹೋಗುತ್ತೇವೆ. ಯಂತ್ರಕ್ಕೆಂದು ಕಲಿಯುತ್ತಿರುವ ಈ ಬರವಣಿಗೆ ಆ ಬೋರ್ಡಿನವರೆಗೂ ಬರಲಿ.

ತಂಗಿಯ ಮಗಳು ಬಸ್ಸು ಹತ್ತಿದ ಮೇಲೆ ನಾನು ಹನ್ನೆರಡು ಚೀಟಿ ಕತ್ತರಿಸಿ, ಗೋಂದು ಹುಡುಕಿದೆ.