ಹೆರಾಲ್ಡ್‌ಗೆ ಒಪ್ಪುವ ಕ್ಯಾಮ್‌ಶಾಫ್ಟ್

ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ 948 ಸಿಸಿ ಎಂಜಿನ್ನೂ 1962ರ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ 1147 ಸಿಸಿ ಎಂಜಿನ್ನೂ ಒಂದೇ ವಂಶದವು. ಹಾಗಿರುವಾಗ ಎಂಜಿನ್ ಬಿಚ್ಚಿಟ್ಟ ಬಸವನಗುಡಿಯ ಹೆರಾಲ್ಡ್ ಪ್ರೇಮಿಗೆ ರೇಸ್ ಕ್ಯಾಮ್‌ಶಾಫ್ಟಿನ ಆಸೆ ಹುಟ್ಟುವುದು ಸಹಜ. ಅದು ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಎಕ್ಸಾಸ್ಟ್ ಪೂರ್ತಿ ಮುಚ್ಚುವ ಬಹಳ ಮೊದಲೇ ಇನ್‌ಲೆಟ್ ತೆರೆದುಕೊಳ್ಳುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಅದು ವರವೇ. ಆದರೆ ಗಾಂಧಿ ಬಜಾರಿನ ಸಂಜೆಯ ದಟ್ಟಣೆಯಲ್ಲಿ ಐಡ್ಲಿಂಗ್ ತಡವರಿಸುತ್ತದೆ, ಕಡಿಮೆ ವೇಗದ ಎಳೆತ ಸೊರಗುತ್ತದೆ. ಹಾಗಾಗಿ ನನ್ನ ಮನಸ್ಸು ಒಲಿಯುವುದು ಸೌಮ್ಯ ಕ್ಯಾಮಿಗೇ: ತಗ್ಗು ವೇಗದಲ್ಲೂ ತುಂಬು ಉಸಿರಾಡುವ, ನಮ್ಮ ಬೀದಿಗಳಿಗೆ ಒಗ್ಗುವ ಕ್ಯಾಮ್. ಯಾವುದನ್ನೇ ಆರಿಸಿದರೂ ಅದರ ಉಬ್ಬುಗಳ ಮೇಲೆ ಕೂರುವ ಟ್ಯಾಪೆಟ್‌ಗಳು ಹೊಸವೇ ಆಗಬೇಕು. ಹಳೆಯ ಕ್ಯಾಮಿಗೆ ಹೊಂದಿಕೊಂಡು ಸವೆದವು ಹೊಸದರ ಉಬ್ಬುಗಳನ್ನು ಬೇಗ ತಿಂದುಹಾಕುತ್ತವೆ. ಹೊಸ ಕ್ಯಾಮೂ ಟ್ಯಾಪೆಟ್‌ಗಳೂ ಒಂದಕ್ಕೊಂದು ಹೊಂದಿಕೊಳ್ಳಲು, ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನನ್ನು ಸುಮಾರು 20 ನಿಮಿಷ 2000 ಆರ್‌ಪಿಎಂ ಮೇಲೆಯೇ ಓಡಿಸಬೇಕು.